ಪ್ರದರ್ಶನಕ್ಕೆ ಒಯ್ಯುವ ಹಳೆಯ ಕಾರಿಗೆ ಯಾವ ಅಗ್ನಿನಂದಕ?

ಅಮೆರಿಕದಲ್ಲಿ ಹಳೆಯ ಕಾರುಗಳಿಗೆ ಅಂಕ ಕೊಟ್ಟು ತೀರ್ಪು ಹೇಳುವ ಪ್ರದರ್ಶನಗಳಲ್ಲಿ, ಮುಖ್ಯವಾಗಿ 1935ರಲ್ಲಿ ಆರಂಭವಾದ ಆಂಟಿಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕ ನಡೆಸುವ ಕೂಟಗಳಲ್ಲಿ, ತೀರ್ಪಿಗೆ ನಿಲ್ಲಿಸಿದ ಕಾರಿನ ಜೊತೆ ಸುಸ್ಥಿತಿಯಲ್ಲಿರುವ ಅಗ್ನಿನಂದಕವೊಂದು ಕಾಣುವಂತೆ ಇರಬೇಕೆಂಬ ನಿಯಮವಿದೆ. ಒಟ್ಟು 400 ಅಂಕಗಳ ಲೆಕ್ಕದಲ್ಲಿ ಬಣ್ಣ, ಕ್ರೋಮ್, ಸೀಟಿನ ಹೊಲಿಗೆಗಳಿಗಾಗಿ ವರ್ಷಗಟ್ಟಲೆ ಶ್ರಮಪಡುವವರು ಈ ಸಿಲಿಂಡರನ್ನು ಮಾತ್ರ ಹಿಂದಿನ ಸಂಜೆ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ತಂದು ಚಕ್ರದ ಪಕ್ಕ ಇಡುತ್ತಾರೆ. ನ್ಯೂಜೆರ್ಸಿಯಲ್ಲಿ 1966ರ ಫೋರ್ಡ್ ಮಸ್ಟಾಂಗ್ ಇಟ್ಟುಕೊಂಡಿರುವ ನಾನು ಈ ಕೆಲವು ವರ್ಷಗಳಲ್ಲಿ ನಾಲ್ಕು ಬಗೆಯ ಅಗ್ನಿನಂದಕಗಳನ್ನು ಕಾರಿನಲ್ಲಿಟ್ಟು ನೋಡಿದ್ದೇನೆ. ಅವಧಿ ಮುಗಿಯುತ್ತ ಬಂದವುಗಳನ್ನು ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದವರ ತರಬೇತಿಯಲ್ಲಿ, ಅವರ ಕಣ್ಣೆದುರಿಗೇ, ಉಕ್ಕಿನ ತಟ್ಟೆಯಲ್ಲಿ ಹೊತ್ತಿಸಿದ ಪೆಟ್ರೋಲಿನ ಮೇಲೆ ಪ್ರಯೋಗಿಸಿಯೂ ಇದ್ದೇನೆ.

ಹೋಲಿಸುವ ಮೊದಲು ಸಿಲಿಂಡರಿನ ಚೀಟಿಯನ್ನು ಓದಲು ಬರಬೇಕು. ಅಮೆರಿಕದ ಕ್ರಮದಲ್ಲಿ ಎ ಎಂದರೆ ಬಟ್ಟೆ, ಮರ, ಕಾಗದದಂಥವುಗಳ ಬೆಂಕಿ. ಬಿ ಎಂದರೆ ಪೆಟ್ರೋಲ್, ಎಣ್ಣೆಗಳದ್ದು. ಸಿ ಎಂದರೆ ವಿದ್ಯುತ್ ಹರಿಯುತ್ತಿರುವ ಸಾಮಗ್ರಿಯದ್ದು. ಬಿ ಅಕ್ಷರದ ಹಿಂದಿನ ಅಂಕೆಯು, ಪಳಗದ ಕೈಯೂ ಆರಿಸಬಲ್ಲ ಬೆಂಕಿಯ ವಿಸ್ತಾರವನ್ನು ಅಂದಾಜು ಚದರ ಅಡಿಗಳಲ್ಲಿ ಸೂಚಿಸುತ್ತದೆ. ಸಿ ಅಕ್ಷರಕ್ಕೆ ಅಂಕೆಯೇ ಇಲ್ಲ. ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರ್ ಇರುವ ಕಾರಿನಲ್ಲಿ ಅಪಾಯ ಹೆಚ್ಚಾಗಿ ಶುರುವಾಗುವುದು ಬಾನೆಟ್ಟಿನ ಕೆಳಗೆ: ಎಥನಾಲ್ ಬೆರೆತ ಇಂದಿನ ಪೆಟ್ರೋಲಿಗೆ ಹಳೆಯ ರಬ್ಬರ್ ಕೊಳವೆ ಮೆದುವಾಗಿ ಜಿನುಗುತ್ತದೆ, ಜಿನುಗಿದ್ದು ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸುತ್ತಮುತ್ತ ಆವಿಯಾಗುತ್ತದೆ, ಅಲ್ಲಿ ಒಂದು ಕಿಡಿ ಸಾಕು. ಆದ್ದರಿಂದ ನಾನು ಮೊದಲು ನೋಡುವುದು ಬಿ ಅಂಕೆಯನ್ನು.

ಎಲ್ಲರ ಬಳಿಯೂ ಇರುವುದು ಎಬಿಸಿ ಒಣ ಪುಡಿಯದು. ಎರಡೂವರೆ ಪೌಂಡಿನ ಸಿಲಿಂಡರಿಗೆ ಸಾಮಾನ್ಯವಾಗಿ 1-ಎ:10-ಬಿ:ಸಿ ದರ್ಜೆ ಇರುತ್ತದೆ. ಬೆಲೆ ಕಡಿಮೆ, ಹಗುರ, ಒತ್ತಡ ತೋರಿಸುವ ಗೇಜಿನ ಮುಳ್ಳು ಹಸಿರಿನಲ್ಲಿದೆಯೇ ಎಂಬುದು ತೀರ್ಪುಗಾರರಿಗೆ ಬಗ್ಗದೆಯೇ ಕಾಣುತ್ತದೆ. ತಟ್ಟೆಯ ಬೆಂಕಿಯನ್ನು ಇದು ಬಹಳ ಬೇಗ ಆರಿಸಿತು, ಬೀಸುತ್ತಿದ್ದ ಗಾಳಿಯೂ ಇದಕ್ಕೆ ಅಡ್ಡಿಯಾಗಲಿಲ್ಲ. ತೊಂದರೆ ಇರುವುದು ಬೆಂಕಿ ಆರಿದ ಮೇಲೆ. ಇದರ ಮುಖ್ಯ ದ್ರವ್ಯವಾದ ಮಾನೋಅಮೋನಿಯಂ ಫಾಸ್ಫೇಟ್ ಬಿಸಿಗೆ ಕರಗಿ ಅಂಟಿಕೊಳ್ಳುತ್ತದೆ. ಸೀಟಿನ ಬೆಂಕಿಯನ್ನು ಅದುಮುವ ಗುಣವೂ ಅದೇ, ಎಂಜಿನ್ನಿಗೆ ಕಂಟಕವಾಗುವ ಗುಣವೂ ಅದೇ. ತೇವ ತಗುಲಿದರೆ ಅದು ಆಮ್ಲೀಯವಾಗಿ ಅಲ್ಯೂಮಿನಿಯಂ, ತಾಮ್ರಗಳನ್ನು ತಿನ್ನುತ್ತದೆ. ಕೆಟ್ಟುಹೋಗಿ ಕಳಚಿಟ್ಟಿದ್ದ ಕಾರ್ಬ್ಯುರೇಟರ್ ಒಂದರ ಮೇಲೆ ಈ ತಿಳಿಹಳದಿ ಪುಡಿಯನ್ನು ಉದುರಿಸಿ, ಗ್ಯಾರೇಜಿನ ತೇವದ ಮೂಲೆಯಲ್ಲಿ ಒಂದು ಚಳಿಗಾಲ ಬಿಟ್ಟಿದ್ದೆ. ಬ್ರಷ್ಷಿನಿಂದ ಕೆರೆದಾಗ ಪುಡಿ ಗಟ್ಟಿಯಾದ ಹಕ್ಕಳೆಯಾಗಿ ಎದ್ದುಬಂತು, ಅದರಡಿಯ ಲೋಹದ ಮೇಲೆ ಸೂಜಿಮೊನೆಯಷ್ಟು ಸಣ್ಣ ಗುಳಿಗಳು ಕಂಡವು, ಹಿತ್ತಾಳೆಯ ಜೆಟ್ಟುಗಳ ಸುತ್ತ ಹಸಿರು ಬಣ್ಣ ಕಟ್ಟಿತ್ತು.

ಅದೇ ತೂಕದ ಬಿ-ಸಿ ದರ್ಜೆಯ ಪುಡಿಯಲ್ಲಿರುವುದು ಸೋಡಿಯಂ ಬೈಕಾರ್ಬೊನೇಟ್, ಎಂದರೆ ನಮ್ಮ ಅಡುಗೆ ಸೋಡಾವೇ. 10-ಬಿ:ಸಿ ದರ್ಜೆಯದು ಸಿಗುತ್ತದೆ, ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಪೆಟ್ರೋಲಿನ ಬೆಂಕಿಯ ಮೇಲೆ ಎಬಿಸಿಗಿಂತ ಹಿಂದೆ ಬೀಳಲಿಲ್ಲ. ಪುಡಿ ಮೂಲೆಮೂಲೆಗೂ ನುಗ್ಗುವುದು ಇಲ್ಲಿಯೂ ತಪ್ಪದು, ಆದರೆ ಕರಗಿ ಅಂಟುವುದಿಲ್ಲ. ನಿರ್ವಾತ ಯಂತ್ರದಲ್ಲಿ ಎಳೆದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಹುಪಾಲು ಹೋಗುತ್ತದೆ. ಇದಕ್ಕೆ ಎ ದರ್ಜೆ ಇಲ್ಲವೆಂಬುದನ್ನು ಮಾತ್ರ ನೆನಪಿನಲ್ಲಿಡಬೇಕು: ಸೀಟಿನ ಫೋಮ್ ಹೊತ್ತಿಕೊಂಡರೆ ಮೇಲಿನ ಜ್ವಾಲೆ ಅಡಗಿದರೂ ಒಳಗಿನ ಕೆಂಡ ಉಳಿದೀತು. ಇಷ್ಟು ಅಗ್ಗದಲ್ಲಿ ಇಷ್ಟು ಉಪಯೋಗದ ವಸ್ತುವನ್ನು ಪ್ರದರ್ಶನದ ಬಯಲಿನಲ್ಲಿ ಏಕೆ ಇಷ್ಟು ವಿರಳವಾಗಿ ಕಾಣುತ್ತೇವೆಂಬುದು ನನಗೆ ಇನ್ನೂ ಅರ್ಥವಾಗಿಲ್ಲ.

ಕಾರ್ಬನ್ ಡೈಆಕ್ಸೈಡ್ ಅಗ್ನಿನಂದಕ ಏನನ್ನೂ ಉಳಿಸುವುದಿಲ್ಲ, ಆದರೆ ಬಯಲಿನಲ್ಲಿ ನಿಲ್ಲುವುದೂ ಇಲ್ಲ. ಗಾಳಿ ಬೀಸಿದೊಡನೆ ಅನಿಲ ಚದುರಿತು, ಆರಿದಂತೆ ಕಂಡ ತಟ್ಟೆ ಮತ್ತೆ ಹೊತ್ತಿಕೊಂಡಿತು. ಐದು ಪೌಂಡಿನ ಅನಿಲ ತುಂಬಿದ ಸಿಲಿಂಡರಿಗೂ ದರ್ಜೆ 5-ಬಿ:ಸಿ ಮಾತ್ರ, ಅದರ ಒಟ್ಟು ತೂಕವಂತೂ ಆ ಐದು ಪೌಂಡಿನ ಎರಡು ಪಟ್ಟನ್ನೂ ಮೀರುತ್ತದೆ. ಜೊತೆಗೆ ಗೇಜೇ ಇಲ್ಲ. ತುಂಬಿದೆಯೆಂಬುದನ್ನು ತೂಗಿಯೇ ತಿಳಿಯಬೇಕಾದ್ದರಿಂದ ತಪಾಸಣೆಯ ಚೀಟಿ ಇಲ್ಲದೆ ತೀರ್ಪುಗಾರರ ಮುಂದೆ ಇಡುವಂತಿಲ್ಲ. ಮಸ್ಟಾಂಗಿನಿಂದ ಇದನ್ನು ನಾನು ಬೇಗನೆ ಇಳಿಸಿಬಿಟ್ಟೆ.

ಹ್ಯಾಲೋಟ್ರಾನ್ ಹೆಚ್ಚು ಯೋಚನೆ ಬೇಡುವ ಆಯ್ಕೆ. ಓಜೋನ್ ಪದರದ ರಕ್ಷಣೆಗಾಗಿ 1987ರ ಮಾಂಟ್ರಿಯಲ್ ಒಪ್ಪಂದವಾದ ಮೇಲೆ ಹ್ಯಾಲಾನ್ 1211 ಎಂಬ ಬೆಂಕಿ ಆರಿಸುವ ಅನಿಲದ ಹೊಸ ತಯಾರಿಕೆ ಅಮೆರಿಕದಲ್ಲಿ 1994ರಿಂದ ನಿಂತಿತು. ಅದರ ಬದಲಿಗೆ ಬಂದವುಗಳಲ್ಲಿ ಇದೂ ಒಂದು. ದ್ರವವಾಗಿ ಚಿಮ್ಮಿ ಬೇಗನೆ ಆವಿಯಾಗುವುದರಿಂದ ಕಾರ್ಬನ್ ಡೈಆಕ್ಸೈಡಿಗಿಂತ ದೂರ ತಲುಪುತ್ತದೆ, ಪುಡಿಯಂತಲ್ಲದೆ ಹಿಂದೆ ಏನನ್ನೂ ಬಿಡುವುದಿಲ್ಲ. ಆದರೆ ಕೊಳ್ಳುವವರು ಅಂಕೆಯನ್ನು ನೋಡದೆ ಮೋಸಹೋಗುವುದು ಇಲ್ಲಿಯೇ. ಎರಡೂವರೆ ಪೌಂಡಿನದರ ದರ್ಜೆ ಬರೀ 2-ಬಿ:ಸಿ, ಐದು ಪೌಂಡಿನದು 5-ಬಿ:ಸಿ. ಎ ದರ್ಜೆ ಬೇಕೆಂದರೆ ಹನ್ನೊಂದು ಪೌಂಡಿಗೆ ಹೋಗಬೇಕು, ಅಷ್ಟು ದೊಡ್ಡದನ್ನು ಚಿಕ್ಕ ಕಾರಿನಲ್ಲಿ ಎಲ್ಲಿ ಕೂರಿಸುವುದು? ಬೆಲೆಯೂ ಪುಡಿಯದಕ್ಕಿಂತ ಹಲವು ಪಟ್ಟು. ಐದು ಪೌಂಡಿನದನ್ನು ಪ್ರಯೋಗಿಸಿದಾಗ ತಟ್ಟೆಯ ಬೆಂಕಿ ಆರಿತಾದರೂ, ತೀರ ಹತ್ತಿರ ಹೋಗಿ ಬುಡಕ್ಕೇ ಗುರಿಯಿಡಬೇಕಾಯಿತು. ಕೈ ಸ್ವಲ್ಪ ಅಲುಗಿದರೂ ಅಂಚಿನಲ್ಲಿ ಜ್ವಾಲೆ ಮರಳುತ್ತಿತ್ತು. ಬಾನೆಟ್ಟಿನ ಕೆಳಗಿನಂಥ ಅರೆಮುಚ್ಚಿದ ಜಾಗದಲ್ಲಿ ಇದು ಇನ್ನೂ ಚೆನ್ನಾಗಿ ಕೆಲಸ ಮಾಡೀತೆಂಬುದು ನನ್ನ ನಂಬಿಕೆ.

ಕೆಲವರು ತಮ್ಮ ಕಾರಿನ ಕಾಲಕ್ಕೆ ಒಪ್ಪುವುದೆಂದು ಪೈರೀನ್ ಎಂಬ ಹಿತ್ತಾಳೆಯ ಹಳೆಯ ಕೈಪಂಪಿನ ಅಗ್ನಿನಂದಕವನ್ನು ತೋರಿಸುತ್ತಾರೆ. ನೋಡಲು ಅದು ಚೆಂದವೇ, ಆದರೆ ಅದರೊಳಗಿನ ಕಾರ್ಬನ್ ಟೆಟ್ರಾಕ್ಲೋರೈಡ್ ಬೆಂಕಿಯ ಬಿಸಿಗೆ ಫಾಸ್ಜೀನ್ ಎಂಬ ವಿಷಾನಿಲವನ್ನು ಹೊರಡಿಸುತ್ತದೆ. ಖಾಲಿ ಮಾಡಿಸಿದ ಪಂಪನ್ನು ಅಲಂಕಾರಕ್ಕಿಟ್ಟು, ಕೆಲಸಕ್ಕೆ ಬೇರೊಂದನ್ನು ತರಬೇಕು.

ಕೊನೆಗೆ ನನ್ನ ಕಾರಿನಲ್ಲಿ ಉಳಿದಿರುವುದು ಚಾಲಕನ ಸೀಟಿನ ಮುಂದೆ ಲೋಹದ ಪಟ್ಟಿಯಲ್ಲಿ ಬಿಗಿದ ಬಿ-ಸಿ ಪುಡಿಯ ಸಿಲಿಂಡರ್. ಕಾರನ್ನು ಎಳೆದೊಯ್ಯುವ ಟ್ರೈಲರಿನಲ್ಲಿ ಎಬಿಸಿಯದೊಂದು ಇರುತ್ತದೆ. ಅಲ್ಯೂಮಿನಿಯಂ ಎಂಜಿನ್ನಿನ ದುಬಾರಿ ಕಾರಿದ್ದವರು, ಬಿ ಅಂಕೆ ಕಡಿಮೆಯೆಂಬುದನ್ನು ಅರಿತೇ, ಐದು ಪೌಂಡಿನ ಹ್ಯಾಲೋಟ್ರಾನಿಗೆ ಹಣ ಹಾಕಿದರೆ ತಪ್ಪೆನ್ನಲಾರೆ. ಯಾವುದನ್ನೇ ಕೊಂಡರೂ ಹಿಡಿ ಮತ್ತು ಕವಾಟ ಲೋಹದ್ದಾಗಿರಲಿ, ತಯಾರಾದ ವರ್ಷವನ್ನು ತಳದಲ್ಲಿ ಓದಿಕೊಳ್ಳಿ: ಮರುಭರ್ತಿ ಮಾಡಲಾಗದವನ್ನು 12 ವರ್ಷಕ್ಕೆ ಬಿಸಾಡಬೇಕು, ಮರುಭರ್ತಿಯ ಪುಡಿ ಸಿಲಿಂಡರುಗಳನ್ನು 6 ವರ್ಷಕ್ಕೊಮ್ಮೆ ಬಿಚ್ಚಿ ನೋಡಿಸಿ 12 ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಮಾಡಿಸಬೇಕು. ಕ್ಲಬ್ಬಿನ ಆಯಾ ವರ್ಷದ ತೀರ್ಪಿನ ಕೈಪಿಡಿಯಲ್ಲಿ ದರ್ಜೆಯ ಬಗ್ಗೆ ಏನಿದೆಯೆಂದು ನೋಡಿಕೊಂಡೇ ಅಂಗಡಿಗೆ ಹೋಗುವುದು ಒಳ್ಳೆಯದು.