ಬೋ ಪ್ಲಾನ್‌ನ ಸಕ್ಕರೆ ಸಂಗ್ರಹಾಲಯ: ಮಾರಿಷಸ್ ನೋಡಲು ಹೊರಟವರಿಗೆ

ಮಾರಿಷಸ್‌ಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಕಡಲತೀರ, ಗಂಗಾ ತಲಾವ್ ಹಾಗೂ ಶಾಮರೆಲ್‌ನ ಬಣ್ಣದ ಮಣ್ಣನ್ನು ನೋಡಿಕೊಂಡು ಹಿಂದಿರುಗುತ್ತಾರೆ. ಅವರ ಪ್ರವಾಸದಲ್ಲಿ ಅರ್ಧ ದಿನ ಉಳಿಯುವುದಾದರೆ, ರಾಜಧಾನಿ ಪೋರ್ಟ್ ಲೂಯಿಯ ಉತ್ತರಕ್ಕೆ, ಪಾಂಪ್ಲೆಮೂಸ್ ಸಸ್ಯೋದ್ಯಾನದ ಪಕ್ಕದಲ್ಲಿರುವ ಬೋ ಪ್ಲಾನ್‌ಗೆ ಹೋಗಿ ‘ಲಾವಾಂತ್ಯೂರ್ ದ್ಯು ಸೂಕ್ರ್’ ಎಂಬ ಸಕ್ಕರೆ ಸಂಗ್ರಹಾಲಯವನ್ನು ನೋಡಲೇಬೇಕು. 1999ರಲ್ಲಿ ಕಬ್ಬು ಅರೆಯುವುದನ್ನು ನಿಲ್ಲಿಸಿದ ಕಾರ್ಖಾನೆಯನ್ನು ಕೆಡವದೆ, ಅದರ ಯಂತ್ರಗಳ ನಡುವೆಯೇ 2002ರಲ್ಲಿ ಇದನ್ನು ತೆರೆಯಲಾಯಿತು.

ಆಲೆಮನೆಯನ್ನು ಕಂಡು ಬೆಳೆದವರಿಗೆ ಒಳಗಿನ ದಾರಿ ಪರಿಚಿತವೆನಿಸುತ್ತದೆ. ನಮ್ಮಲ್ಲಿ ಗಾಣ ಮತ್ತು ಕೊಪ್ಪರಿಗೆ ಮಾಡುವ ಕೆಲಸವನ್ನೇ ಇಲ್ಲಿ ಮನೆಯೆತ್ತರದ ಉರುಳೆಗಳು, ಕೊಳವೆಗಳು, ಕುದಿಯುವ ಹಂಡೆಗಳು ಮಾಡುತ್ತಿದ್ದವು. ಯಂತ್ರಗಳ ಭಾಗದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು, ಒಂದು ಬೆಳೆಯ ನೆಪದಲ್ಲಿ ಒಂದು ದೇಶವೇ ರೂಪುಗೊಂಡ ಕಥೆ.

ರಾಡ್ರಿಗಸ್ ಮೊದಲಾದ ಪುಟ್ಟ ದ್ವೀಪಗಳನ್ನು ಸೇರಿಸಿಕೊಂಡರೂ ಈ ದೇಶದ ವಿಸ್ತೀರ್ಣ ಸುಮಾರು 2,040 ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ಬೆಂಗಳೂರು ನಗರ ಜಿಲ್ಲೆಯಷ್ಟು. ಜ್ವಾಲಾಮುಖಿಯಿಂದ ಹುಟ್ಟಿದ ನೆಲವಾದ್ದರಿಂದ ಮಣ್ಣಿಗಿಂತ ಕಲ್ಲೇ ಹೆಚ್ಚೇನೋ ಎನಿಸುತ್ತದೆ. ದಾರಿಯುದ್ದಕ್ಕೂ ಕಬ್ಬಿನ ಗದ್ದೆಗಳ ನಡುವೆ ಕಾಣುವ ಕಪ್ಪು ಕಲ್ಲಿನ ರಾಶಿಗಳು, ಕೂಲಿಗಳು ಬರಿಗೈಯಿಂದ ಆರಿಸಿ ಒಟ್ಟಿದವು. ಚಂಡಮಾರುತ ಬಂದಾಗ ಬೇರೆ ಬೆಳೆಗಳು ನೆಲಕಚ್ಚಿದರೂ ಕಬ್ಬು ಬಾಗಿ ಮತ್ತೆ ಚಿಗುರುತ್ತದೆ ಎಂಬುದು, ಈ ದ್ವೀಪ ಅದಕ್ಕೇ ಅಂಟಿಕೊಂಡದ್ದಕ್ಕೆ ಒಂದು ಮುಖ್ಯ ಕಾರಣ.

ಡಚ್ಚರು 1639ರಲ್ಲಿ ಜಾವಾದಿಂದ ತಂದು ನೆಟ್ಟ ಕಬ್ಬನ್ನು ಫ್ರೆಂಚರು ಉದ್ಯಮವಾಗಿಸಿದರು, 1810ರಲ್ಲಿ ದ್ವೀಪವನ್ನು ಗೆದ್ದ ಬ್ರಿಟಿಷರು ಎಲ್ಲೆಡೆ ಹಬ್ಬಿಸಿದರು. ಗದ್ದೆಗಳಲ್ಲಿ ದುಡಿದವರು ಆಫ್ರಿಕಾ ಮತ್ತು ಮಡಗಾಸ್ಕರ್‌ನಿಂದ ಹಿಡಿದು ತಂದ ಗುಲಾಮರು. 1835ರಲ್ಲಿ ಗುಲಾಮಗಿರಿ ರದ್ದಾದಾಗ ಪರಿಹಾರದ ಹಣ ಸಿಕ್ಕಿದ್ದು ಮಾಲೀಕರಿಗೆ, ದುಡಿದವರಿಗಲ್ಲ. ಅವರ ಜಾಗವನ್ನು ತುಂಬಲೆಂದು ಅದಕ್ಕೂ ಮೊದಲೇ, 1834ರ ನವೆಂಬರ್ 2ರಂದು, ‘ಅಟ್ಲಾಸ್’ ಹಡಗಿನಲ್ಲಿ ಭಾರತದಿಂದ 36 ಮಂದಿಯನ್ನು ಕರೆತರಲಾಯಿತು. ಮುಂದಿನ ದಶಕಗಳಲ್ಲಿ ಬಂದವರು ಸುಮಾರು ನಾಲ್ಕೂವರೆ ಲಕ್ಷ. ಅವರಲ್ಲಿ ಹೆಚ್ಚಿನವರು ಭೋಜಪುರಿ ಮಾತಿನವರು, ಉಳಿದವರು ತಮಿಳರು, ತೆಲುಗರು, ಮರಾಠಿಗರು. ಇಂದು ಜನಸಂಖ್ಯೆಯ ಮೂರನೆಯ ಎರಡು ಭಾಗ ಭಾರತ ಮೂಲದವರೇ. ಟಿಕೆಟ್ಟಿಗೆಂದು ಕೊಡುವ ಮೊದಲು ಕೈಯಲ್ಲಿದ್ದ ನೋಟನ್ನು ತಿರುಗಿಸಿ ನೋಡಿದೆ: ಇಂಗ್ಲಿಷಿನ ಜೊತೆಗೆ ತಮಿಳು, ಹಿಂದಿ ಅಕ್ಷರಗಳು. ಇವೆಲ್ಲವನ್ನೂ ಓದಿದ ಮೇಲೆ ಆ ಕೂಲಿಗಳು ಹಡಗಿನಿಂದ ಬಂದಿಳಿದ ಪೋರ್ಟ್ ಲೂಯಿಯ ಆಪ್ರವಾಸಿ ಘಾಟಿನ ಹದಿನಾರು ಮೆಟ್ಟಿಲುಗಳ ಮುಂದೆ ನಿಂತರೆ ಆ ಕಲ್ಲುಗಳು ಬೇರೆಯೇ ಆಗಿ ಕಾಣುತ್ತವೆ. ಆದ್ದರಿಂದ ಬೋ ಪ್ಲಾನನ್ನು ಮೊದಲು, ಘಾಟನ್ನು ಆಮೇಲೆ ನೋಡುವುದು ಒಳ್ಳೆಯದು.

1968ರಲ್ಲಿ ಸ್ವತಂತ್ರವಾದಾಗ ದೇಶದ ರಫ್ತಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಕ್ಕಿ ಸಕ್ಕರೆಯೇ ಇತ್ತು. ಯೂರೋಪಿನ ಜೊತೆ ಮಾಡಿಕೊಂಡ 1975ರ ಲೋಮೆ ವ್ಯಾಪಾರ ಒಪ್ಪಂದದಿಂದ ಸಕ್ಕರೆಗೆ ಅಲ್ಲಿ ಖಚಿತ ಬೆಲೆ ಸಿಕ್ಕಿತು, ಆ ಹಣದ ಒಂದಷ್ಟು ಸಿದ್ಧ ಉಡುಪಿನ ಕಾರ್ಖಾನೆಗಳಿಗೂ ಹೋಟೆಲುಗಳಿಗೂ ಹರಿಯಿತು. 2006ರಿಂದ ಯೂರೋಪು ಆ ಬೆಲೆಯನ್ನು ಹಂತಹಂತವಾಗಿ ಶೇ. 36ರಷ್ಟು ಇಳಿಸಿದಾಗ ಸಣ್ಣ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ, ಹತ್ತೊಂಬತ್ತನೆಯ ಶತಮಾನದಲ್ಲಿ 250ಕ್ಕೂ ಹೆಚ್ಚಿದ್ದ ಜಾಗದಲ್ಲಿ ಕೊನೆಗೆ ಮೂರೇ ಉಳಿದವು. ಕಬ್ಬಿನ ಸಿಪ್ಪೆಯನ್ನು ಉರಿಸಿ ವಿದ್ಯುತ್ ತಯಾರಿಸುವುದು, ವಿಶೇಷ ಸಕ್ಕರೆಗಳನ್ನು ಮಾರುವುದು ಆ ಉದ್ಯಮವನ್ನು ಈಗ ನಿಲ್ಲಿಸಿರುವ ಊರುಗೋಲುಗಳು.

ಆ ವಿಶೇಷ ಸಕ್ಕರೆಗಳ ರುಚಿ ನೋಡುವ ಕೋಣೆಗೆ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ತೆಳು ಹೊಂಬಣ್ಣದ್ದರಿಂದ ಕಾಫಿಪುಡಿಯಷ್ಟು ಕಪ್ಪಾದುದರವರೆಗೆ ಸಾಲಾಗಿ ಇಟ್ಟಿದ್ದಾರೆ. ಡೆಮರಾರಾ ಹರಳು ಹಲ್ಲಿಗೆ ಸಿಕ್ಕು ಕಟುಮ್ಮೆನ್ನುತ್ತದೆ. ಕಡುಗಪ್ಪಿನ ಮಸ್ಕೊವಾಡೊ ಬೆರಳಿಗೆ ಅಂಟುವಷ್ಟು ತೇವವಾಗಿದ್ದು, ಅದರಲ್ಲಿ ಉಳಿಸಿರುವ ಕಾಕಂಬಿಯಿಂದಾಗಿ ಮೊದಲು ಮಲೆನಾಡಿನ ಜೋನಿಬೆಲ್ಲದ ನೆನಪಾಗಿ, ಆಮೇಲೆ ನಾಲಿಗೆಯ ತುದಿಯಲ್ಲಿ ಸಣ್ಣ ಕಹಿ ಉಳಿಯುತ್ತದೆ. ಸಕ್ಕರೆಯೆಂದರೆ ಬರೀ ಸಿಹಿ ಎಂದುಕೊಂಡಿದ್ದ ನನ್ನ ಹತ್ತು ವರ್ಷದ ಮಗಳು ಆ ಮೇಜಿನ ಮುಂದೆ ಎರಡು ಸುತ್ತು ಹಾಕಿದಳು.

ಇಲ್ಲಿಗೆ ಹೋಗುವವರು ಮೂರು ಗಂಟೆಯಾದರೂ ಇಟ್ಟುಕೊಳ್ಳಬೇಕು. ನಾವು ಹೋಟೆಲಿನ ಮೂಲಕ ಗೊತ್ತುಮಾಡಿದ ಕಾರಿನವರು ಮೊದಲ ದಿನ ಒಂದೇ ಗಂಟೆ ಕೊಟ್ಟು, ಉಳಿದ ಸಮಯವನ್ನು ಹಡಗಿನ ಮಾದರಿಗಳನ್ನು ಮಾರುವ ಅಂಗಡಿಯೊಂದರಲ್ಲಿ ಕಳೆಸಿದ್ದರಿಂದ, ಮರುದಿನ ಬಸ್ಸು ಹಿಡಿದು ಮತ್ತೆ ಬರಬೇಕಾಯಿತು. ಬಾಡಿಗೆ ಮಾತಾಡುವಾಗಲೇ ಸಮಯವನ್ನು ಖಚಿತಪಡಿಸಿಕೊಳ್ಳಿ. ಮಸ್ಕೊವಾಡೊ ಕೊಂಡು ತಂದರೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ, ಒಣಗಿದರೆ ಕಲ್ಲಿನಂತಾಗುತ್ತದೆ. ಬಿಸಿ ದೋಸೆಗೆ ತುಪ್ಪದ ಜೊತೆ ಉದುರಿಸಿಕೊಂಡು ನಾವು ತಂದದ್ದು ಎರಡೇ ವಾರದಲ್ಲಿ ಮುಗಿಯಿತು.