ಐಟರ್‌ಟೂಲ್ಸ್, ಮೋರ್-ಐಟರ್‌ಟೂಲ್ಸ್, ಟೂಲ್ಜ್: ವ್ಯತ್ಯಾಸ ಇರುವುದು ಬಾಲದಲ್ಲಿ

ಪೈಥಾನ್ ಭಾಷೆಯಲ್ಲಿ ಸಾಲಾಗಿ ಬರುವ ಡೇಟಾವನ್ನು ಒಡೆಯಲು, ಗುಂಪು ಮಾಡಲು ಬಳಸುವ ಮೂರು ಲೈಬ್ರರಿಗಳಿವು (ಸಿದ್ಧ ಕೋಡ್‌ನ ಸಂಗ್ರಹಗಳು); ಸಮವಾಗಿ ಒಡೆಯದೆ ಕೊನೆಯಲ್ಲಿ ಉಳಿಯುವ ಅಂಶಗಳೇ ‘ಬಾಲ’. 1ರಿಂದ 10ರವರೆಗಿನ ಸಂಖ್ಯೆಗಳನ್ನು ಮೂರು ಮೂರಾಗಿ ಒಡೆದು ನೋಡಿ. ಪೈಥಾನ್ ಜೊತೆಗೇ ಬರುವ ಐಟರ್‌ಟೂಲ್ಸ್‌ನ ‘ಬ್ಯಾಚ್ಡ್’ ನಾಲ್ಕು ಟ್ಯೂಪಲ್ (ಬದಲಿಸಲಾಗದ ಪಟ್ಟಿ) ಕೊಡುತ್ತದೆ, ಕೊನೆಯದರಲ್ಲಿ 10 ಮಾತ್ರ. ಮೋರ್-ಐಟರ್‌ಟೂಲ್ಸ್‌ನ ‘ಚಂಕ್ಡ್’ ಕೊಡುವುದೂ ನಾಲ್ಕೇ, ಆದರೆ ಲಿಸ್ಟ್‌ಗಳು (ಬದಲಿಸಬಹುದಾದ ಪಟ್ಟಿ). ಟೂಲ್ಜ್‌ನ ‘ಪಾರ್ಟಿಷನ್’ ಮೂರೇ ಗುಂಪು ಕೊಟ್ಟು ಸುಮ್ಮನಾಗುತ್ತದೆ, 10 ಮಾಯ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಡೇಟಾಬೇಸ್‌ಗೆ ಸಾಲು ತುಂಬುವ ಕೋಡ್‌ನಲ್ಲಿ ಇದು ಸೇರಿಕೊಂಡರೆ ಕೊನೆಯ ಸಾಲುಗಳು ಎಲ್ಲಿ ಹೋದವೆಂದು ಹುಡುಕುತ್ತಾ ಕೂರಬೇಕಾಗುತ್ತದೆ. ಅಲ್ಲಿ ಬಳಸಬೇಕಾದದ್ದು ‘ಪಾರ್ಟಿಷನ್ ಆಲ್’.

ಉಳಿಕೆ ಬರುವುದೇ ತಪ್ಪು ಎನ್ನುವ ಕಡೆ ‘ಚಂಕ್ಡ್’ಗೆ ಸ್ಟ್ರಿಕ್ಟ್ ಆಯ್ಕೆ ಕೊಡಿ, ವ್ಯಾಲ್ಯೂ ಎರರ್ ಬರುತ್ತದೆ. ಅದೂ ಕೊನೆಯ ಗುಂಪು ತಲುಪಿದ ಮೇಲೆ; ಅಷ್ಟರಲ್ಲಿ ಮೊದಲ ಮೂರು ಗುಂಪುಗಳ ಕೆಲಸ ಮುಗಿದಿರುತ್ತದೆ. ‘ಬ್ಯಾಚ್ಡ್’ ಬಂದದ್ದು ಪೈಥಾನ್ 3.12ರಲ್ಲಿ, ಅದಕ್ಕೆ ಸ್ಟ್ರಿಕ್ಟ್ ಸಿಕ್ಕಿದ್ದು 3.13ರಲ್ಲಿ.

‘ಗ್ರೂಪ್‌ಬೈ’ ವಿಷಯದಲ್ಲಿ ಹೆಸರು ಒಂದೇ, ನಡತೆ ಬೇರೆ. ಐಟರ್‌ಟೂಲ್ಸ್‌ನದು ಅಕ್ಕಪಕ್ಕದ ಸಮಾನ ಕೀಗಳನ್ನಷ್ಟೇ (ಕೀ ಎಂದರೆ ಯಾವುದರ ಆಧಾರದ ಮೇಲೆ ಗುಂಪು ಮಾಡುತ್ತೇವೋ ಆ ಬೆಲೆ) ಸೇರಿಸುತ್ತದೆ: ಅ, ಅ, ಬ, ಅ ಕೊಟ್ಟರೆ ಮೂರು ಗುಂಪು. ಮೊದಲು ಸಾರ್ಟ್ ಮಾಡಲೇಬೇಕು. ಮುಂದಿನ ಗುಂಪಿಗೆ ಹೋದ ತಕ್ಷಣ ಹಿಂದಿನ ಗುಂಪು ಖಾಲಿ, ಏಕೆಂದರೆ ಎಲ್ಲ ಗುಂಪುಗಳೂ ಒಂದೇ ಐಟರೇಟರ್‌ನಿಂದ (ಅಂಶಗಳನ್ನು ಒಂದೊಂದಾಗಿ, ಒಮ್ಮೆ ಮಾತ್ರ ಕೊಡುವಂಥದ್ದು) ಓದುತ್ತವೆ. ಟೂಲ್ಜ್‌ನದು ಸಾರ್ಟ್ ಕೇಳುವುದಿಲ್ಲ, ನೇರವಾಗಿ ಡಿಕ್ಷನರಿ (ಪ್ರತಿ ಕೀಗೆ ಅದರ ಗುಂಪನ್ನು ಜೋಡಿಸಿದ ಕೋಷ್ಟಕ) ಕೊಡುತ್ತದೆ. ಆದರೆ ಇಡೀ ಡೇಟಾ ಮೆಮೊರಿಗೆ ಬರುತ್ತದೆ, ಆರ್ಗ್ಯುಮೆಂಟ್ ಕ್ರಮವೂ ತಿರುವುಮುರುವು: ಕೀ ಫಂಕ್ಷನ್ ಮೊದಲು, ಡೇಟಾ ಆಮೇಲೆ.

ಜಾರುವ ಕಿಟಕಿಯಲ್ಲೂ (ಅಕ್ಕಪಕ್ಕದ ಕೆಲವು ಅಂಶಗಳನ್ನು ಒಟ್ಟಿಗೆ ನೋಡಿ ಒಂದೊಂದೇ ಹೆಜ್ಜೆ ಮುಂದೆ ಸರಿಯುವುದು) ಬಾಲದ್ದೇ ತಕರಾರು. ಎರಡೇ ಅಂಶಗಳಿದ್ದು ಕಿಟಕಿಯ ಅಗಲ 3 ಆದರೆ ಮೋರ್-ಐಟರ್‌ಟೂಲ್ಸ್‌ನ ‘ವಿಂಡೋಡ್’ ಖಾಲಿ ಜಾಗಕ್ಕೆ ‘ನನ್’ (None, ಏನೂ ಇಲ್ಲ ಎಂಬ ಗುರುತು) ತುಂಬುತ್ತದೆ, ಸರಾಸರಿ ತೆಗೆಯಹೋದರೆ ಟೈಪ್ ಎರರ್. ಟೂಲ್ಜ್‌ನ ‘ಸ್ಲೈಡಿಂಗ್ ವಿಂಡೋ’ ಏನನ್ನೂ ಕೊಡುವುದಿಲ್ಲ. ಇಲ್ಲಿ ಟೂಲ್ಜ್‌ನದೇ ಸರಿ ಎನಿಸುತ್ತದೆ.

ಮುಂದಿನ ಅಂಶವನ್ನು ಇಣುಕಿ ನೋಡಲು ಮೋರ್-ಐಟರ್‌ಟೂಲ್ಸ್‌ನ ‘ಪೀಕಬಲ್’ಗೆ ಸಾಟಿ ಇಲ್ಲ: ಖಾಲಿಯೋ ಅಲ್ಲವೋ ಎಂದು ಇಫ್ ಹಾಕಿಯೇ ನೋಡಬಹುದು, ಡೀಫಾಲ್ಟ್ ಕೊಡಬಹುದು. ಟೂಲ್ಜ್‌ನ ‘ಪೀಕ್’ ಖಾಲಿ ಐಟರೇಟರ್‌ಗೆ ಸ್ಟಾಪ್ ಇಟರೇಷನ್ (ಅಂಶಗಳು ಮುಗಿದವು ಎನ್ನುವ ಎರರ್) ಎಸೆಯುತ್ತದೆ. ಜನರೇಟರ್ (ಅಂಶಗಳನ್ನು ಒಂದೊಂದಾಗಿ ಹುಟ್ಟಿಸಿ ಕೊಡುವ ಫಂಕ್ಷನ್) ಒಳಗಿದ್ದರೆ ಅದು ರನ್‌ಟೈಮ್ ಎರರ್ ಆಗಿ ಹೊರಬರುತ್ತದೆ. ಎರಡರಲ್ಲೂ ಇಣುಕಿದ ಮೇಲೆ ಹಳೆಯ ಐಟರೇಟರ್ ಮುಟ್ಟಬೇಡಿ, ಮೊದಲ ಅಂಶ ಅದರಲ್ಲಿ ಇರುವುದಿಲ್ಲ.

3.12 ಅಥವಾ ಅದಕ್ಕಿಂತ ಹೊಸ ಪೈಥಾನ್ ಇದ್ದು ಬರೀ ತುಂಡು ಮಾಡುವುದಷ್ಟೇ ಕೆಲಸವಾದರೆ ಹೊರಗಿನ ಲೈಬ್ರರಿ ಬೇಡ. ಇಣುಕುವುದಿದ್ದರೆ ಮೋರ್-ಐಟರ್‌ಟೂಲ್ಸ್. ಇನ್‌ಸ್ಟಾಲ್ ಮಾಡುವಾಗ ಹೆಸರಿನ ನಡುವೆ ಹೈಫನ್, ಇಂಪೋರ್ಟ್ ಮಾಡುವಾಗ ಅಂಡರ್‌ಸ್ಕೋರ್.