ಶಿರಸಿಯ ಕ್ರ್ಯಾಂಕ್ ಗ್ರೈಂಡಿಂಗ್ ಶೆಡ್: ಕೆಲಸ ನಿಧಾನ, ಅಳತೆ ಪಕ್ಕಾ

ಹಳೇ ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡ ನಮ್ಮ ಕಡೆಯವರು ಎಂಜಿನ್ ಕೆಲಸ ಅಂದ್ರೆ ಸೀದಾ ಹುಬ್ಬಳ್ಳಿಗೆ ಹೊರಡುತ್ತಾರೆ. ಅದಕ್ಕೆ ಮೊದಲು ಶಿರಸಿಯ ಈ ಶೆಡ್ ಒಮ್ಮೆ ನೋಡಿ. ಎಂಜಿನ್ನಿನೊಳಗೆ ತಿರುಗುವ ಮುಖ್ಯ ಶಾಫ್ಟ್, ಅಂದ್ರೆ ಕ್ರ್ಯಾಂಕನ್ನು, ಕಲ್ಲಿನಲ್ಲಿ ಅರೆದು ಅಳತೆಗೆ ತರೋದು ಇಲ್ಲಿಯ ಕೆಲಸ. ಬೋರ್ಡ್ ಇಲ್ಲ. ಹುಬ್ಬಳ್ಳಿ ರಸ್ತೆಯ ಗ್ಯಾರೇಜಿನವರನ್ನು ಕೇಳಿದರೆ ಕೈ ತೋರಿಸುತ್ತಾರೆ.

ನಮ್ಮದು 1978ರ ಅಂಬಾಸಿಡರ್ ಮಾರ್ಕ್ 3, ಪೆಟ್ರೋಲ್, 1489 ಸಿಸಿ. ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಎಂಜಿನ್. ನಾಲ್ಕು ಸಿಲಿಂಡರಿಗೆ ಕ್ರ್ಯಾಂಕ್ ಹೊರುವ ಮೇನ್ ಬೇರಿಂಗ್ ಮೂರೇ. ಹಾಗಾಗಿ ಒಂದರಲ್ಲಿ ಅಳತೆ ತಪ್ಪಿದರೂ ಉಳಿದೆರಡರ ಮೇಲೆ ಭಾರ ಬೀಳುತ್ತೆ. ಬೇರೆ ಊರಿನ ಒಂದು ವರ್ಕ್‌ಶಾಪಿನಲ್ಲಿ ಈ ಎಂಜಿನ್ ಬಿಚ್ಚಿ ಕಟ್ಟಿಸಿದ್ದೆವು. ಕ್ರ್ಯಾಂಕನ್ನು 20 ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ) ಹೊಡೆದು, ಅಂದ್ರೆ ಅರೆದು, ಹೊಸ ಬೇರಿಂಗ್ ಹಾಕಿದ್ದೇವೆ ಅಂದಿದ್ದರು. ಆದರೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬಂದು ಐಡಲ್‌ನಲ್ಲಿ ಬಿಟ್ಟರೆ ಸಾಕು, ಆಯಿಲ್ ಪ್ರೆಷರ್ ಕಡಿಮೆ ಅಂತ ಹೇಳೋ ಲೈಟ್ ಮಿಣಿಮಿಣಿ. ಕೇಳಿದರೆ, "ಹಳೇ ಗಾಡಿ ಅಲ್ವಾ, ದಪ್ಪ ಆಯಿಲ್ ಹಾಕಿ" ಅಂತ ಉತ್ತರ.

ಶಿರಸಿಯ ಮೇಸ್ತ್ರಿ ಕ್ರ್ಯಾಂಕ್ ಕಡೆ ತಿರುಗಿಯೂ ನೋಡಲಿಲ್ಲ. "ಬೇರಿಂಗ್ ಸೆಟ್ ಎಲ್ಲಿ ಮಾರಾಯ್ರೆ?" ಅಂದರು. ಗ್ರೈಂಡ್ ಆದಮೇಲೆ ತರಿಸೋಣ ಅಂದೆ. ಆಗೋದಿಲ್ಲ ಅಂದರು. ಅವರ ರೂಲು ಸರಳ: ಕೈಗೆ ಬಂದ ಬೇರಿಂಗ್ ಅಳೆಯದೆ ಕಲ್ಲು ಹಚ್ಚೋದಿಲ್ಲ. ಈ ಗಾಡಿಗಳ ಬೇರಿಂಗ್ ಈಗ ಸಿಗೋದು ಹೆಚ್ಚಾಗಿ ಹಳೇ ಸ್ಟಾಕ್, ಇಲ್ಲವೇ ಯಾವುದೋ ಲೋಕಲ್ ತಯಾರಿಕೆ. ಡಬ್ಬದ ಮೇಲೆ 20 ಅಂತ ಬರೆದ ಮಾತ್ರಕ್ಕೆ ಒಳಗಿನ ಶೆಲ್ (ಬೇರಿಂಗಿನ ಅರ್ಧ ಬಳೆಯಂಥ ತುಂಡು) ಅಷ್ಟೇ ದಪ್ಪ ಇರಬೇಕೆಂದೇನೂ ಇಲ್ಲ. ಅದಕ್ಕೇ ಇವರು ಮೊದಲು ಶೆಲ್ ಕೂರಿಸಿ, ಅದನ್ನು ಹಿಡಿಯುವ ಕ್ಯಾಪನ್ನು ಟಾರ್ಕ್ ರೆಂಚಿನಲ್ಲಿ ಲೆಕ್ಕದಷ್ಟೇ ಬಿಗಿದು, ಬೋರ್ ಗೇಜ್ ಇಳಿಸಿ ಒಳಗಿನ ವ್ಯಾಸ ತೆಗೆಯುತ್ತಾರೆ. ಅದರಲ್ಲಿ ಆಯಿಲಿಗೆ ಬೇಕಾದ ಸಂದು ಕಳೆದು, ಉಳಿದ ಅಳತೆಗೆ ಜರ್ನಲ್ (ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗ) ಹೊಡೆಯುತ್ತಾರೆ. ಇಷ್ಟು ಮಾಡುವವರು ಕಡಿಮೆ. ಹೆಚ್ಚಿನವರು ಸುಮ್ನೆ ಪುಸ್ತಕದ ಸೈಜಿಗೆ ಹೊಡೆದು ಕೊಡುತ್ತಾರೆ.

ಸಂದು ಎಷ್ಟಿರಬೇಕು? ಒಂದು ಇಂಚು ಶಾಫ್ಟಿಗೆ ಒಂದು ಥೌ ಅನ್ನೋದು ಹಳೇ ಲೆಕ್ಕ. ಒಂದು ಥೌ ಅಂದ್ರೆ 0.025 ಮಿ.ಮೀ. ಅಂಬಾಸಿಡರಿನ ಮೇನ್ ಜರ್ನಲ್ ಸುಮಾರು ಎರಡು ಇಂಚು. ಅಂದ್ರೆ ಎರಡು ಥೌ, ಅಂಗಡಿಯಲ್ಲಿ ಸಿಗೋ ಎ4 ಹಾಳೆಯ ಅರ್ಧ ದಪ್ಪ. ನಮ್ಮದರಲ್ಲಿ ಒಂದು ಬಿಗ್ ಎಂಡ್ (ಪಿಸ್ಟನ್ನಿನ ರಾಡ್ ಕ್ರ್ಯಾಂಕಿಗೆ ಸೇರುವ ತುದಿ) ನಾಲ್ಕು ಥೌ ದಾಟಿತ್ತು. ಸಂದು ಜಾಸ್ತಿ ಆದರೆ ಆಯಿಲ್ ಪಕ್ಕದಿಂದ ಸುರಿದುಹೋಗುತ್ತೆ, ಪ್ರೆಷರ್ ನಿಲ್ಲೋದಿಲ್ಲ. ಹಾಗಂತ ಟೈಟ್ ಇದ್ದಷ್ಟೂ ಒಳ್ಳೇದು ಅನ್ನೋದೂ ತಪ್ಪು. ಆಯಿಲ್ ಪದರಕ್ಕೆ ಜಾಗವೇ ಇಲ್ಲದಿದ್ದರೆ ಶೆಲ್ ಕಾದು, ಮೇಲಿನ ಮೆತ್ತನೆ ಲೋಹ ಕರಗಿ ಶಾಫ್ಟಿಗೆ ಅಂಟುತ್ತೆ.

ಕಾರಣ ಹುಡುಕಿದ್ದು ನನಗೆ ಬಹಳ ಹಿಡಿಸಿತು. ರಾಡಿನ ಕ್ಯಾಪ್ ತಿರುಗಿಸಿ ಬೆಳಕಿಗೆ ಹಿಡಿದರು. ಜೋಡಿಸುವ ಮುಖದ ಮೇಲೆ ಅಡ್ಡಾದಿಡ್ಡಿ ಎಮರಿ ಗೆರೆ! ಹಿಂದಿನವರು ಸಂದು ಕಡಿಮೆ ಮಾಡೋಕೆ ಕ್ಯಾಪ್ ಉಜ್ಜಿದ್ದರು. ಹಾಗೆ ಉಜ್ಜಿದರೆ ಮೇಲೆ ಕೆಳಗೆ ಹಿಡಿಯುತ್ತೆ, ಪಕ್ಕದಲ್ಲಿ ಸಡಿಲವೇ ಉಳಿಯುತ್ತೆ, ರಂಧ್ರ ಮೊಟ್ಟೆಯಾಕಾರ ಆಗುತ್ತೆ. ಅದನ್ನು ಮತ್ತೆ ದುಂಡಗೆ ಮಾಡಿಸಬೇಕಾಯಿತು. ಜರ್ನಲ್ಲಿಗೂ ಮೈಕ್ರೋಮೀಟರ್ ಹಿಡಿದು, ಎರಡು ತುದಿಯಲ್ಲೂ ಎರಡೆರಡು ದಿಕ್ಕಿನಿಂದ ಓದಿ, ಸಿಗರೇಟ್ ಪ್ಯಾಕಿನ ರಟ್ಟಿನ ಮೇಲೆ ಬರೆದುಕೊಂಡರು. ರಾಡ್ ಕೂರುವ ಒಂದು ಪಿನ್ ಓವಲ್, ಇನ್ನೊಂದು ಟೇಪರ್ (ಒಂದು ತುದಿ ಸಣ್ಣ). ಕೊನೆಗೆ ಮೂಲ ಅಳತೆಗಿಂತ 30 ಥೌ ಕಡಿಮೆಗೆ ಇಳಿಸಿದರು. ಈ ಕ್ರ್ಯಾಂಕಿಗೆ 40 ಕೊನೇ ಸೈಜ್. ಅಂದ್ರೆ ಇನ್ನೊಂದೇ ಅವಕಾಶ ಉಳಿದಿದೆ, ಆ ವರ್ಕ್‌ಶಾಪಿನ ಕೃಪೆ.

ಜರ್ನಲ್ ಮೂಲೆಯ ದುಂಡನ್ನು ಕೇಳದೆಯೇ ಉಳಿಸಿದ್ದಾರೆ. ಅಲ್ಲಿ ಚೂಪು ಮಾಡಿದರೆ ಕ್ರ್ಯಾಂಕ್ ಅಲ್ಲಿಂದಲೇ ಬಿರುಕು ಬಿಡೋದು. ಆಯಿಲ್ ತೂತಿನ ಅಂಚನ್ನೂ ನುಣುಪು ಮಾಡಿದ್ದಾರೆ, ಬೆರಳು ಆಡಿಸಿದರೆ ತಡೆಯೋದಿಲ್ಲ.

ಜೋಡಿಸುವಾಗ ಪ್ಲಾಸ್ಟಿಗೇಜ್ ಹಾಕಿ ತೋರಿಸಿದರು. ದಾರದಂಥ ಹಸಿರು ಎಳೆ. ಆಯಿಲ್ ಒರೆಸಿದ ಜರ್ನಲ್ ಮೇಲೆ ಅದನ್ನಿಟ್ಟು, ಕ್ಯಾಪ್ ಬಿಗಿದು, ಶಾಫ್ಟ್ ಅಲುಗಿಸದೆ ಮತ್ತೆ ಬಿಚ್ಚಿದರೆ ಎಳೆ ಚಪ್ಪಟೆಯಾಗಿರುತ್ತೆ. ಅದರ ಅಗಲವನ್ನು ಪೊಟ್ಟಣದ ಮೇಲಿನ ಸ್ಕೇಲಿಗೆ ಹೋಲಿಸಬೇಕು. ಮೇನ್ ಮೂರೂ ಎರಡು ಥೌ ಒಳಗೇ ಬಂತು.

ಈಗ ಬೇಸರದ ವಿಷಯ. ಫೋನ್ ಎತ್ತೋದಿಲ್ಲ. ಯಾವಾಗ ಸಿಗುತ್ತೆ ಅಂದ್ರೆ "ಆದಾಗ ಆಗ್ತದೆ". ಮಳೆಗಾಲದಲ್ಲಂತೂ ಕರೆಂಟ್ ಹೋಗಿ ಬಂದು ಮಾಡುವಾಗ ಮೇಸ್ತ್ರಿ ಕಲ್ಲೇ ಹಚ್ಚೋದಿಲ್ಲ. ಅದು ಸರಿಯೇ, ಆದರೆ ಗಾಡಿ ಮನೆಯಲ್ಲಿ ಎಂಜಿನ್ ಇಲ್ಲದೆ ನಿಂತವರಿಗೆ ಕಷ್ಟ. ತೊಳೆಯುವ ಚಾರ್ಜ್ ಬೇರೆ ಅಂತ ಮೊದಲೇ ಹೇಳೋದಿಲ್ಲ. ಒಟ್ಟು ಖರ್ಚು ಹುಬ್ಬಳ್ಳಿಗಿಂತ ಸ್ವಲ್ಪ ಜಾಸ್ತಿಯೇ ಬಿತ್ತು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತಲ್ಲ, ಆ ಸಮಯದಲ್ಲಿ ಹೋಗಲೇಬೇಡಿ.

ರನ್ನಿಂಗ್-ಇನ್ (ಕಟ್ಟಿದ ಎಂಜಿನ್ ಪಳಗಿಸುವ ನಿಧಾನ ಓಟ) ಮುಗಿಸಿ, 20ಡಬ್ಲ್ಯೂ-50 ಆಯಿಲ್ ಹಾಕಿ ಅದೇ ಘಟ್ಟ ಹತ್ತಿಸಿದೆ. ಲೈಟ್ ಮಿಣುಕಲಿಲ್ಲ. ಹಿಂದಿನಿಂದ ಒಂದೆರಡು ಹನಿ ಈಗಲೂ ಬೀಳುತ್ತೆ, ಅದನ್ನು ಇವರ ಲೆಕ್ಕಕ್ಕೆ ಹಾಕಬೇಡಿ. ಈ ಎಂಜಿನ್ನಿನ ಹಿಂಬದಿಗೆ ರಬ್ಬರ್ ಸೀಲೇ ಇಲ್ಲ, ಶಾಫ್ಟ್ ಮೇಲಿನ ತಿರುಪಿನ ಗೆರೆಯೇ ಆಯಿಲನ್ನು ಒಳಗೆ ತಳ್ಳಬೇಕು.

ಹೋಗುವವರು ಕ್ರ್ಯಾಂಕ್ ಒಂದನ್ನೇ ಹೊತ್ತುಕೊಂಡು ಹೋಗಬೇಡಿ. ಬ್ಲಾಕ್, ರಾಡ್, ಕ್ಯಾಪ್, ಬೋಲ್ಟ್, ಬೇರಿಂಗ್ ಸೆಟ್ ಎಲ್ಲಾ ಬೇಕು. ಬಿಚ್ಚುವಾಗಲೇ ಕ್ಯಾಪುಗಳಿಗೆ ನಂಬರ್ ಹೊಡೆಸಿ. ಬೆಳಿಗ್ಗೆ ಬೇಗ ಹೋದರೆ ಮೇಸ್ತ್ರಿ ಮಾತಿಗೆ ಸಿಗುತ್ತಾರೆ.